ಕೋಪಿಪಾಡ್‌ಗಳು ಜರಡಿ ಹಿಡಿಯುತ್ತವೆಯೇ, ಬೇಟೆಯಾಡುತ್ತವೆಯೇ?

ಕರಾವಳಿ ನೀರಿನ, ಸೀಗಡಿಯ ದೂರದ ಬಂಧುಗಳಾದ ಸಣ್ಣ ಕೋಪಿಪಾಡ್‌ಗಳು ಪಾಚಿಯನ್ನು ಜರಡಿಯಂತೆ ಸೋಸಿ ತಿನ್ನುತ್ತವೆಯೋ ಒಂದೊಂದಾಗಿ ಹಿಡಿದು ತಿನ್ನುತ್ತವೆಯೋ ಎಂದು ಕೇಳಿದ್ದೀರಿ. ಹೆಚ್ಚಿನಂಶ ಹಿಡಿದೇ ತಿನ್ನುತ್ತವೆ. ನಾನು ಮಂಡ್ಯದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮೊದಲ ಕೆಲವು ವರ್ಷ ನಾನೂ ಜರಡಿ ಎಂದೇ ಬರೆಸಿದ್ದೆ. ಆ ಮಕ್ಕಳಿಗೆ ತಪ್ಪು ಹೇಳಿದೆನೆಂಬ ನೋವು ಇಂದಿಗೂ ಇದೆ.

ವಿಷಯವಿರುವುದು ನೀರಿನಲ್ಲಿ. ಒಂದು ಮಿಲಿಮೀಟರ್ ಉದ್ದವೂ ಇಲ್ಲದ ಜೀವಿಗೆ ನೀರು ಅಂಟು ಪಾಕದ ಹಾಗೆ. ಆಲೆಮನೆಯಲ್ಲಿ ನಿಂತು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಬೆಲ್ಲದ ಪಾಕ ಗಟ್ಟಿಯಾಗುವ ಹೊತ್ತಿಗೆ ಕೊಪ್ಪರಿಗೆಯಲ್ಲಿ ತೇಲುವ ಸಿಪ್ಪೆಯ ಚೂರಿನತ್ತ ಸೌಟು ಚಾಚಿದರೆ, ಸೌಟಿನೊಡನೆ ಪಾಕವೂ ಸರಿದು ಚೂರನ್ನು ಆಚೆ ತಳ್ಳುತ್ತದೆ. ಕೋಪಿಪಾಡಿನ ರೋಮಭರಿತ ಅಂಗಗಳಿಗೂ ಅದೇ ತೊಡಕು: ರೋಮಗಳ ಸಂದಿಯಲ್ಲಿ ನೀರು ಸಲೀಸಾಗಿ ನುಗ್ಗದೆ, ಅವು ಜರಡಿಯಾಗುವ ಬದಲು ದೋಣಿಯ ಹುಟ್ಟುಗಳಂತಾಗುತ್ತವೆ.

1981ರಲ್ಲಿ ಮಿಮಿ ಕೋಲ್ ಮತ್ತು ರೂಡಿ ಸ್ಟ್ರಿಕ್ಲರ್ ಎಂಬ ಸಂಶೋಧಕರು ಸೆಕೆಂಡಿಗೆ 500 ಚಿತ್ರಗಳ ವೇಗದಲ್ಲಿ ಇದನ್ನು ಸೆರೆಹಿಡಿದರು. ಬಾಯಿಯ ಸುತ್ತಲ ಅಂಗಗಳು ಬೀಸುತ್ತಾ ನೀರನ್ನು ತಮ್ಮತ್ತ ಹರಿಸುತ್ತವೆ. ಪಾಚಿಕಣ ಸಮೀಪಿಸಿದಾಗ ಎರಡನೆಯ ಜೋಡಿ ಮ್ಯಾಕ್ಸಿಲಾಗಳು (ಬಾಯಿಯ ಬಳಿಯ ರೋಮಭರಿತ ಅಂಗಗಳು) ಥಟ್ಟನೆ ಅಗಲಿ, ನಡುವಣ ತೆರವಿಗೆ ಕಣವನ್ನೂ ಅದರ ಸುತ್ತಲ ನೀರನ್ನೂ ಎಳೆದುಕೊಳ್ಳುತ್ತವೆ. ಮತ್ತೆ ಮುಚ್ಚಿಕೊಳ್ಳುವಾಗ ನೀರು ಹಿಂಡಿ ಹೊರಹೋಗುತ್ತದೆ. ಸೋಸುವಿಕೆ ಇರುವುದು ಇಷ್ಟರಲ್ಲೇ. ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಇನ್ನೊಂದು: ಪಾಚಿಕಣದ ವಾಸನೆ ಆ ಹರಿವಿನಲ್ಲಿ ಎಳೆಯಾಗಿ ಮುಂದಕ್ಕೆ ಚಾಚಿ, ಕಣಕ್ಕಿಂತ ಮೊದಲೇ ಕೋಪಿಪಾಡನ್ನು ತಲುಪುತ್ತದೆ. ತುತ್ತು ಬರುವ ಮುನ್ನವೇ ಅದಕ್ಕೆ ಸುದ್ದಿ ಮುಟ್ಟಿರುತ್ತದೆ.

ಎಲ್ಲವೂ ಹೀಗೆಯೇ ತಿನ್ನುವುದಿಲ್ಲ. ಕರಾವಳಿಯಲ್ಲಿ ಯಥೇಚ್ಛವಾಗಿರುವ ಒಯ್ಥೋನಾ ಎಂಬ ಕೋಪಿಪಾಡ್ ಕುಲ ಹರಿವನ್ನೇ ಎಬ್ಬಿಸದೆ ನೀರಿನಲ್ಲಿ ಸುಮ್ಮನೆ ತೂಗಿ ನಿಂತು, ಈಜುವ ಬೇಟೆಯ ಕಂಪನವನ್ನು ಮೀಸೆಯಂಥ ಸ್ಪರ್ಶಾಂಗಗಳಿಂದ ಗ್ರಹಿಸಿ ಎರಗುತ್ತದೆ. ಅಕಾರ್ಷಿಯಾ ಎಂಬ ಇನ್ನೊಂದು ಕುಲ ಎರಡನ್ನೂ ಬಲ್ಲದು: ಅಲುಗಾಡದ ಡಯಾಟಮ್ ಎಂಬ ಏಕಕೋಶ ಪಾಚಿ ಹೆಚ್ಚಿದ್ದರೆ ಹರಿವು, ಓಡಾಡುವ ಏಕಕೋಶ ಜೀವಿಗಳಾದ ಸಿಲಿಯೇಟ್‌ಗಳು ಹೆಚ್ಚಿದ್ದರೆ ಹೊಂಚು. ಹೀಗಾಗಿ ಉತ್ತರ ಬರೆಯುವಾಗ ಯಾವ ಕುಲ, ಯಾವ ಆಹಾರ ಎಂಬುದನ್ನು ತಪ್ಪದೆ ಹೆಸರಿಸಿ.

ನೀವು ಮೈಸೂರಿನವರೆಂದು ಬರೆದಿದ್ದೀರಿ. ಕಡಲು ದೂರ, ಆದರೆ ಒಯ್ಥೋನಾದ ಬಂಧು ಸೈಕ್ಲೋಪ್ಸ್‌ಗೆ ಊರ ಕೆರೆಯೇ ಸಾಕು. ಅಂಚಿನ ಸಸ್ಯಗಳ ನಡುವೆ ಸಣ್ಣ ಕಣ್ಣಿನ ಬಲೆ ಎಳೆದು, ಹನಿಯನ್ನು ಗುಳಿಯಿರುವ ಸ್ಲೈಡಿನಲ್ಲಿಡಿ. ಮೇಲೆ ಗಾಜು ಮುಚ್ಚಬೇಡಿ, ಅದುಮಿದರೆ ಅದು ತಿನ್ನುವುದಿಲ್ಲ.