ಆಮೆ ತರುವ ಮುಂಚೆ ಹಿತ್ತಲಿಗೆ ನೀರು ಬಿಟ್ಟು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ ಮನೆ ಕೊಂಡಿದ್ದೀರಿ, ಹಿಂದೆ ಈಜುಕೊಳ ಇದೆ, ಮಗಳಿಗೆ ಆಮೆ ಬೇಕಂತೆ. ಒಳಗೆ ಗಾಜಿನ ತೊಟ್ಟಿಯಲ್ಲಿ ಇಡುವುದಾ, ಹಿತ್ತಲಿಗೆ ಬಿಡುವುದಾ?

ಹಿತ್ತಲಿಗೆ ಬಿಡಿ. ಆದರೆ ಹಿತ್ತಲನ್ನು ಮೊದಲು ರೆಡಿ ಮಾಡಿ, ಆಮೇಲೆ ಆಮೆ ತನ್ನಿ. ನಾವು ಅರ್ಧಂಬರ್ಧ ಮಾಡಿ ತಂದೆವು, ಅದರ ಕತೆ ಕೆಳಗಿದೆ.

ನಾವಿರುವುದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಆರು ವರ್ಷದಿಂದ ಗುಂಡ ನಮ್ಮ ಜೊತೆ ಇದ್ದಾನೆ. ಇಲ್ಲಿನ ಸೊನೋರನ್ ಮರುಭೂಮಿಯ ಆಮೆ, ಚಿಪ್ಪು ಸುಮಾರು ಹನ್ನೊಂದು ಇಂಚು. ದುಡ್ಡು ಕೊಟ್ಟು ತಂದದ್ದಲ್ಲ, ದತ್ತು ತಗೊಂಡದ್ದು. ಅರಿಜೋನಾ ಗೇಮ್ ಅಂಡ್ ಫಿಶ್, ಅಂದರೆ ಇಲ್ಲಿನ ವನ್ಯಜೀವಿ ಇಲಾಖೆಯವರು, ಯಾರೋ ಸಾಕಿ ಬಿಟ್ಟುಕೊಟ್ಟ ಆಮೆಗಳನ್ನು ದತ್ತು ಕೊಡುತ್ತಾರೆ. ಕಾಡಿನಿಂದ ಹಿಡಿದು ತರುವ ಹಾಗಿಲ್ಲ. ಮನೆಯಲ್ಲಿ ಒಬ್ಬರಿಗೆ ಒಂದರಂತೆ ಇಟ್ಟುಕೊಳ್ಳಬಹುದು, ಮರಿ ಮಾಡಿಸುವ ಹಾಗಿಲ್ಲ. ಸಾಕಿ ಬೇಜಾರಾಯ್ತು ಅಂತ ಮರುಭೂಮಿಗೆ ಬಿಟ್ಟು ಬರುವುದೂ ಅಪರಾಧವೇ. ಸಾಕಿದ ಆಮೆಗಳಿಂದ ಕಾಡಿನವುಗಳಿಗೆ ಉಸಿರಾಟದ ಕಾಯಿಲೆ ಹರಡುತ್ತದೆ.

ಗಾಜಿನ ತೊಟ್ಟಿ ಯಾಕೆ ಬೇಡ? ಆಮೆಗೆ ಗಾಜು ಅನ್ನುವುದು ಗೊತ್ತಾಗುವುದಿಲ್ಲ. ಆಚೆ ಕಾಣುತ್ತಿದೆ ಅಂದರೆ ದಾರಿ ಇದೆ ಅಂತಲೇ ಲೆಕ್ಕ. ದಿನವಿಡೀ ಮೂಗು ಉಜ್ಜುತ್ತಾ ನಿಲ್ಲುತ್ತದೆ. ಇದೇ ಕಾರಣಕ್ಕೆ ಹಿತ್ತಲಲ್ಲೂ ಕಬ್ಬಿಣದ ಸರಳಿನ ಬೇಲಿ ಇದ್ದರೆ, ಕೆಳಗಿನ ಎರಡು ಅಡಿ ಹಲಗೆ ಹೊಡೆದು ಮುಚ್ಚಬೇಕು. ಇನ್ನೊಂದು, ಬಿಸಿಲು. ಚಿಪ್ಪು ಗಟ್ಟಿಯಾಗಲು ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ತಡೆದುಬಿಡುತ್ತದೆ, ಹಾಗಾಗಿ ಕಿಟಕಿ ಪಕ್ಕ ಇಟ್ಟರೂ ಉಪಯೋಗ ಇಲ್ಲ. ನನ್ನ ತಮ್ಮ ಚಿಕಾಗೋದಲ್ಲಿ ರಷ್ಯನ್ ಆಮೆ ಸಾಕಿದ್ದಾನೆ. ಅಲ್ಲಿಯ ಚಳಿಗೆ ಒಳಗೇ ಇಡಬೇಕು, ಬೇರೆ ದಾರಿಯಿಲ್ಲ. ಮರದ ದೊಡ್ಡ ಪೆಟ್ಟಿಗೆ, ಒಂದು ಮೂಲೆಯಲ್ಲಿ ಬಿಸಿ ದೀಪ, ಜೊತೆಗೆ ಯುವಿಬಿ ಬಲ್ಬು. ಆ ಬಲ್ಬು ಉರಿಯುತ್ತಲೇ ಇರುತ್ತದೆ, ಆದರೆ ಆರು ತಿಂಗಳು, ವರ್ಷದೊಳಗೆ ಅದರ ಯುವಿಬಿ ಇಳಿದು ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲವಲ್ಲ, ಜನ ಅಲ್ಲೇ ಮೋಸ ಹೋಗುತ್ತಾರೆ. ನಿಮಗೆ ಆ ಖರ್ಚೂ ಇಲ್ಲ, ತಲೆನೋವೂ ಇಲ್ಲ. ಫೀನಿಕ್ಸ್‌ನಲ್ಲಿ ಬಿಸಿಲಿಗೆ ಬರವೇ?

ಹಾಗಂತ ಬರೀ ಬಿಸಿಲಿಗೆ ಬಿಟ್ಟರೆ ಬೆಂದು ಹೋಗುತ್ತದೆ. ಜುಲೈನಲ್ಲಿ ಇಲ್ಲಿ 45 ಡಿಗ್ರಿ ಮಾಮೂಲು. ಕಾಡಿನಲ್ಲಿ ಈ ಆಮೆಗಳು ದಿನದ ಹೆಚ್ಚು ಹೊತ್ತು ಬಿಲದಲ್ಲೇ ಕಳೆಯುತ್ತವೆ. ಹಾಗಾಗಿ ಆಮೆಯ ಮನೆ ಅಂದರೆ ಮುಖ್ಯವಾಗಿ ಬಿಲ.

ನಮ್ಮ ಮೊದಲ ಬಿಲದ ಕತೆ ಈಗ. ನಾನು ತೀರ್ಥಹಳ್ಳಿ ಕಡೆಯವಳು. ಮಳೆ ಅಂದರೆ ಏನು ಅಂತ ಅರಿಜೋನಾದವರು ನನಗೆ ಹೇಳಿಕೊಡಬೇಕಾ ಅಂತ ಸ್ವಲ್ಪ ಜಂಬ. ಇಲ್ಲಿ ವರ್ಷಕ್ಕೆಲ್ಲ ಸೇರಿ ಬೀಳುವುದು ಏಳೆಂಟು ಇಂಚು. ನಮ್ಮೂರಲ್ಲಿ ಅಷ್ಟನ್ನು ಒಂದೇ ರಾತ್ರಿಯಲ್ಲಿ ಸುರಿದದ್ದು ನೋಡಿದ್ದೇನೆ. ಹಾಗಾಗಿ ಬಿಲ ತೋಡುವಾಗ ನಾನು ನೋಡಿದ್ದು ನೆರಳು ಒಂದನ್ನೇ. ಗೋಡೆ ಪಕ್ಕದ ತಗ್ಗಿನ ಮೂಲೆ ತಂಪಾಗಿತ್ತು, ಮಣ್ಣೂ ಮೆತ್ತಗಿತ್ತು. ಬೇರೆ ಕಡೆ ಒಂದು ಅಡಿ ಅಗೆದರೆ ಕ್ಯಾಲಿಚಿ ಅನ್ನುವ ಸುಣ್ಣದ ಗಟ್ಟಿ ಪದರ ಸಿಗುತ್ತದೆ, ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಮೆತ್ತಗಿನ ಮಣ್ಣು ಅಲ್ಲೇ ಯಾಕಿದೆ ಅಂತ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಚಾವಣಿಯ ನೀರೆಲ್ಲ ಹರಿದು ಬಂದು ನಿಲ್ಲುತ್ತಿದ್ದದ್ದು ಆ ಮೂಲೆಯಲ್ಲೇ.

ಜುಲೈ ಮೂರನೇ ವಾರ. ಮೊದಲು ದೂಳು, ಆಮೇಲೆ ಗುಡುಗು, ಆಮೇಲೆ ನಲವತ್ತು ನಿಮಿಷ ಮಳೆ. ಇಲ್ಲಿಯವರೂ ಇದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಈ ನೆಲ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಹರಿಯುತ್ತದೆ. ರಾತ್ರಿ ಒಂಬತ್ತೂವರೆಗೆ ಟಾರ್ಚ್ ಹಿಡಿದು ಹೋದರೆ ಬಿಲದ ಬಾಯಿ ಕಾಣುತ್ತಿಲ್ಲ, ಕೆಸರು ತುಂಬಿದೆ. ಈ ನೆಲದ ಆಮೆಗೆ ಈಜಲು ಬರುವುದಿಲ್ಲ. ನಮ್ಮವರು ಸಲಿಕೆ ತಂದರು, ಚಿಪ್ಪಿಗೆ ಏಟು ಬಿದ್ದೀತು ಅಂತ ನಾನು ಬೇಡ ಅಂದೆ. ಇಬ್ಬರೂ ಮಂಡಿಯೂರಿ ಕೈಯಲ್ಲೇ ಕೆಸರು ತೆಗೆದೆವು. ಗುಂಡ ಬಿಲದ ಕೊನೆಯಲ್ಲಿ, ಎತ್ತರದ ಕಡೆ ಮೂಗು ಮೇಲೆತ್ತಿಕೊಂಡು ನಿಂತಿದ್ದ. ಬದುಕಿದ್ದ. ನನ್ನ ಮಳೆಯ ಜಂಬ ಅವತ್ತಿಗೆ ಮುಗಿಯಿತು.

ಎರಡನೇ ಬಿಲ ಎತ್ತರದ ಜಾಗದಲ್ಲಿ ಮಾಡಿದೆವು. ಎರಡು ಸಾಲು ಹಾಲೋ ಬ್ಲಾಕ್ ಇಟ್ಟು, ಮೇಲೆ ದಪ್ಪ ಪ್ಲೈವುಡ್ ಮುಚ್ಚಿ, ಅದರ ಮೇಲೆ ಒಂದು ಅಡಿ ಮಣ್ಣು ಪೇರಿಸಿದ್ದೇವೆ. ದೂರದಿಂದ ಹುತ್ತದ ಹಾಗೆ ಕಾಣುತ್ತದೆ. ಉದ್ದ ಐದು ಅಡಿ, ಒಳಗೆ ಆಮೆ ಪೂರ್ತಿ ತಿರುಗುವಷ್ಟು ಅಗಲ. ಬಾಯಿ ಪೂರ್ವಕ್ಕೆ, ಸಂಜೆಯ ಪಶ್ಚಿಮದ ಬಿಸಿಲು ಒಳಗೆ ಹೊಡೆಯಬಾರದು. ನೆಲ ಬರೀ ಮಣ್ಣು, ಉಳಿದದ್ದನ್ನು ಅವನೇ ಕೆರೆದು ಸರಿಮಾಡಿಕೊಂಡ.

ಈಜುಕೊಳದ ವಿಷಯದಲ್ಲಿ ರಾಜಿ ಬೇಡ. ‘ನಾವು ನೋಡ್ತಾ ಇರ್ತೀವಿ’ ಅನ್ನುವುದು ನಡೆಯುವುದಿಲ್ಲ. ಆಮೆ ನೀವಂದುಕೊಂಡದ್ದಕ್ಕಿಂತ ಜಾಸ್ತಿ ಜೋರಾಗಿ ನಡೆಯುತ್ತದೆ, ಬಿದ್ದರೆ ಸೀದಾ ತಳಕ್ಕೆ. ಕೊಳವನ್ನೇ ಗೋಡೆ ಕಟ್ಟಿ ಬೇರೆ ಮಾಡಿ. ಗೇಟಿನ ಕೆಳಗಿನ ಸಂದಿ ಮುಚ್ಚಿ, ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿ. ಕೊಳ ತೊಳೆಯಲು ಬರುವವರು ಗೇಟು ತೆರೆದೇ ಹೋಗುತ್ತಾರೆ, ಬೈದು ಪ್ರಯೋಜನವಿಲ್ಲ. ನಾಯಿ ಇದ್ದರೆ ಅದಕ್ಕೂ ಆಮೆಗೂ ನಡುವೆ ಗೋಡೆ ಇರಲಿ. ಎಷ್ಟೇ ಸಾಧು ನಾಯಿಯಾದರೂ ಚಿಪ್ಪು ಅದಕ್ಕೆ ಮೂಳೆಯ ಹಾಗೆ, ಕಡಿಯುತ್ತಾ ಕೂರುತ್ತದೆ.

ಗಿಡಗಳನ್ನೂ ನೋಡಿಕೊಳ್ಳಿ. ಇಲ್ಲಿ ಬೇಲಿಗೆ ಸಾಲಾಗಿ ನೆಟ್ಟಿರುವ ಓಲಿಯಾಂಡರ್ ನಮ್ಮ ಕಣಗಿಲೆಯೇ. ಪೂಜೆಗೆ ಹೂವು ಸಿಕ್ಕಿತು ಅಂತ ಅತ್ತೆ ಖುಷಿಪಟ್ಟಿದ್ದರು. ಆದರೆ ಅದರ ಎಲೆ, ಹೂವು, ಕಡ್ಡಿ ಎಲ್ಲ ವಿಷ. ಪಕ್ಕದ ಮನೆಯ ಗಿಡದಿಂದ ಉದುರಿದರೂ ಗುಡಿಸಬೇಕು. ಒಳ್ಳೆ ಸುದ್ದಿಯೂ ಇದೆ. ಇಲ್ಲಿನ ಲಾನಿನ ಬರ್ಮುಡಾ ಹುಲ್ಲು ಅಂದರೆ ನಮ್ಮ ಗರಿಕೆ. ಗಣಪತಿಗೂ ಅದೇ, ಗುಂಡನಿಗೂ ಅದೇ. ಅದರ ಜೊತೆ ಪಾಪಾಸುಕಳ್ಳಿ, ದಾಸವಾಳದ ಎಲೆ, ಹೂವು. ಔಷಧಿ ಮತ್ತು ಗೊಬ್ಬರ ಸಿಂಪಡಿಸದ ಹುಲ್ಲಾಗಿರಬೇಕು ಅಷ್ಟೇ. ಅನ್ನ, ಚಪಾತಿ, ಬಾಳೆಹಣ್ಣು ಬೇಡ. ಮಗಳಿಗೆ ಒಂದು ಮಾತು ಹೇಳಿಡಿ, ಸುಮ್ನೆ ಸುಮ್ನೆ ಎತ್ತಬಾರದು. ಈ ಆಮೆ ನೀರನ್ನು ಮೂತ್ರಕೋಶದಲ್ಲೇ ಕೂಡಿಟ್ಟುಕೊಳ್ಳುತ್ತದೆ. ಹೆದರಿದರೆ ಎಲ್ಲ ಬಿಟ್ಟುಬಿಡುತ್ತದೆ, ಬೇಸಿಗೆಯಲ್ಲಿ ಅದು ದೊಡ್ಡ ನಷ್ಟ.

ಅಕ್ಟೋಬರ್ ಹೊತ್ತಿಗೆ ಊಟ ಬಿಟ್ಟು ಬಿಲ ಸೇರುತ್ತಾನೆ. ಏಳುವುದು ಮಾರ್ಚ್ ಹೊತ್ತಿಗೆ. ಪಾಪ ಚಳಿ ಅಂತ ಒಳಗೆ ತಂದು ಹೀಟರ್ ಪಕ್ಕ ಇಡಬೇಡಿ. ಅರ್ಧ ನಿದ್ದೆ, ಅರ್ಧ ಎಚ್ಚರದಲ್ಲಿ ಊಟವೂ ಇಲ್ಲದೆ ಸೊರಗುತ್ತದೆ.

ಅಂಗಡಿಯಲ್ಲಿ ಅಂಗೈ ಅಗಲದ ಸುಲ್ಕಾಟಾ ಮರಿ ತೋರಿಸುತ್ತಾರೆ, ಮುದ್ದಾಗಿರುತ್ತದೆ. ದಯವಿಟ್ಟು ಬೇಡ. ಅದು ಆಫ್ರಿಕಾದ ಜಾತಿ, ಗಂಡು 45 ಕಿಲೋ ದಾಟಬಹುದು, ಚಳಿಗಾಲವಿಡೀ ಹೀಗೆ ಬಿಲ ಸೇರಿ ಮಲಗುವುದಿಲ್ಲ, ಬಿಸಿ ಮಾಡಿದ ಮನೆ ಬೇಕು. ಗೋಡೆ ಬುಡವನ್ನೇ ಅಗೆದುಬಿಡುತ್ತದೆ.

ಇದನ್ನು ಊರಲ್ಲಿ ಕೂತು ಓದುತ್ತಿರುವವರಿಗೆ: ಭಾರತದಲ್ಲಿ ಇದೇ ಆಸೆ ಇಟ್ಟುಕೊಂಡು ನಕ್ಷತ್ರ ಆಮೆ ತರಬೇಡಿ. ಅತ್ತೆ ಕೋಲಾರ ಕಡೆಯವರು, ‘ನಮ್ಮ ಹೊಲದಲ್ಲೇ ಓಡಾಡ್ತಿದ್ವು, ಒಂದು ಇಟ್ಕೊಂಡ್ರೆ ಏನು?’ ಅಂತ ಕೇಳಿದರು. ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿರುವ ಪ್ರಾಣಿ ಅದು, ಜೈಲಾಗುತ್ತದೆ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ತಂದಿದ್ದರು. ಅವು ಅಷ್ಟು ದೂರ ಹೋಗಿದ್ದೇ ಯಾರೋ ಸಾಕುವ ಆಸೆಗೆ.

ಈಗ ನಿಮ್ಮ ಕೆಲಸ. ದತ್ತು ಅರ್ಜಿ ಹಾಕುವ ಮುಂಚೆ ಒಂದು ಸಂಜೆ ಹೋಸ್ ಪೈಪನ್ನು ಚಾವಣಿ ನೀರು ಬೀಳುವ ಜಾಗದಲ್ಲಿ ಇಟ್ಟು ಅರ್ಧ ಗಂಟೆ ನೀರು ಬಿಡಿ. ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಒಂದು ಕಡ್ಡಿ ನೆಡಿ. ಬಿಲ ಆ ಕಡ್ಡಿಯಿಂದ ದೂರ, ಎತ್ತರದಲ್ಲಿ. ಕ್ಯಾಲಿಚಿ ಅಡ್ಡ ಬಂದರೆ ಕೆಳಗೆ ಅಗೆಯುವ ಬದಲು ಮೇಲೆ ಮಣ್ಣು ಪೇರಿಸಿ. ಹಾರೆ ಬೇಕಿದ್ದರೆ ನಮ್ಮದಿದೆ.