ಸಬ್‌ಸ್ಕ್ರಿಪ್ಷನ್ ಬಿಸಿನೆಸ್ಸಲ್ಲಿ ಓವರ್‌ಹೆಡ್ ಕಮ್ಮಿ ಇಡೋದು ಹೇಗೆ? ಹೂವಿನ ಲೆಕ್ಕದಲ್ಲಿ ಹೇಳ್ತೀನಿ

ಸಿರಿಧಾನ್ಯದ ಹಿಟ್ಟನ್ನ ತಿಂಗಳ ಸಬ್‌ಸ್ಕ್ರಿಪ್ಷನ್ ಮೇಲೆ ಮನೆಮನೆಗೆ ಕೊಡ್ಬೇಕು ಅಂತಿದೀರಿ, ಆಪ್ ಮಾಡಿಸ್ಲಾ, ಅಂಗಡಿ ಹಿಡೀಲಾ, ಓವರ್‌ಹೆಡ್ಡು, ಅಂದ್ರೆ ಬಾಡಿಗೆ ಸಂಬಳದಂಥ ಮೇಲ್ಖರ್ಚು, ಕೈಮೀರದ ಹಾಗೆ ಹೇಗೆ ನೋಡ್ಕೊಳೋದು ಅಂತ ಕೇಳಿದೀರಿ. ಹಿಟ್ಟಿನ ವ್ಯಾಪಾರ ನಂಗೆ ಗೊತ್ತಿಲ್ಲ. ನಾನು, ನನ್ನ ಹೆಂಡತಿ ಸೇರಿ ಬೆಂಗಳೂರಿನ ಬನಶಂಕರಿ ಕಡೆ ದಿನಾ ಬೆಳಗ್ಗೆ ಪೂಜೆಗೆ ಬಿಡಿ ಹೂವು ಕೊಡ್ತೀವಿ, ಈಗ 140 ಮನೆ ಇದೆ, ಅದರ ಲೆಕ್ಕನೇ ಹೇಳ್ತೀನಿ, ನಿಮ್ಮದಕ್ಕೆ ಹೊಂದಿಸ್ಕೊಳಿ.

ಒಂದು ಮನೆಗೆ ತಿಂಗಳಿಗೆ 600 ರೂಪಾಯಿ, ಅಂದ್ರೆ ದಿನಕ್ಕೆ 20. ಅದ್ರಲ್ಲಿ ಹೂವಿಗೆ ಸರಾಸರಿ 9, ಪೇಪರ್ ಕವರ್‌ಗೆ 1, ಬಾಗಿಲಿಗೆ ತಲುಪಿಸೋಕೆ 3. ಉಳಿಯೋದು 7, ತಿಂಗಳಿಗೆ 210. ಈ 210 ಅನ್ನೋದು ಗೊತ್ತಾದ ಮೇಲೆ ಯಾವ ಖರ್ಚನ್ನೂ ನಾನು ರೂಪಾಯಲ್ಲಿ ನೋಡಲ್ಲ, ಮನೆ ಲೆಕ್ಕದಲ್ಲಿ ನೋಡ್ತೀನಿ. 15,000 ಬಾಡಿಗೆಗೆ ಒಂದು ಮಳಿಗೆ ನೋಡಿದ್ವಿ, ಅಂದ್ರೆ 72 ಮನೆ ಬರೀ ಮಳಿಗೆ ಓನರ್‌ಗೋಸ್ಕರ ದುಡೀಬೇಕು, ಅಲ್ಲಿಗೇ ಬಿಟ್ವಿ. ಮನೆ ಹಿಂದಿನ ಶೀಟ್ ಹಾಕಿರೋ ಜಾಗ, ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್ಜು, ಅಷ್ಟೇ ನಮ್ಮ ಗೋಡೌನು.

ಆಪ್ ವಿಷ್ಯದಲ್ಲಿ ಮಾತ್ರ ಎಡವಿದ್ವಿ. ಮಾಡಿಸಿದ ದುಡ್ಡು ಬಿಡಿ, ಮೇಂಟೆನೆನ್ಸ್‌ಗೇ ತಿಂಗಳಿಗೆ 6,000 ಹೋಗ್ತಿತ್ತು, 29 ಮನೆ. ಹೋಗ್ಲಿ ಗಿರಾಕಿಗಳಾದ್ರೂ ಬಳಸ್ತಿದ್ರಾ ಅಂದ್ರೆ ಅದೂ ಇಲ್ಲ, ಎಲ್ರೂ ಹೆಂಡತಿಗೆ ವಾಟ್ಸಾಪಲ್ಲಿ "ನಾಳೆ ಹೂವು ಬೇಡ ಊರಿಗೆ ಹೋಗ್ತಿದೀವಿ" ಅಂತ ಹಾಕೋರು. ಎಂಟು ತಿಂಗಳು ಆದ್ಮೇಲೆ ನಿಲ್ಲಿಸಿದ್ವಿ, ಯಾರೂ ಕೇಳ್ಲೇ ಇಲ್ಲ. ಈಗ ವಾಟ್ಸಾಪ್ ಬಿಸಿನೆಸ್ಸು, ಒಂದು ಗೂಗಲ್ ಶೀಟು.

ಡೆಲಿವರಿ ತುಂಬಾ ಮುಖ್ಯ. ಸಂಬಳದ ಹುಡುಗನ್ನ ಇಟ್ಕೊಂಡ್ರೆ 30 ಮನೆ ಇದ್ರೂ ಅದೇ ಸಂಬಳ, 140 ಇದ್ರೂ ಅದೇ ಸಂಬಳ. ನಮ್ಮ ಅಪಾರ್ಟ್‌ಮೆಂಟುಗಳಿಗೆ ಹಾಲು ಪೇಪರ್ ಹಾಕೋ ಹುಡುಗ್ರು ಹೇಗೂ ಐದು ಗಂಟೆಗೆ ಬರ್ತಾರೆ, ಅದೇ ಬಾಗಿಲು, ಅದೇ ಬ್ಯಾಗು, ಮನೆಗೆ 3 ರೂಪಾಯಿ ಕೊಡ್ತೀವಿ. ಮನೆ ಕಮ್ಮಿ ಆದ್ರೆ ಖರ್ಚೂ ತಾನಾಗೇ ಕಮ್ಮಿ ಆಗತ್ತೆ. ಆದ್ರೆ ಇದು ನಡಿಯೋದು ಮನೆಗಳು ಒಟ್ಟೊಟ್ಟಿಗೆ ಇದ್ರೆ ಮಾತ್ರ. ಕೆಂಗೇರಿಯಿಂದ ನಮ್ಮ ನೆಂಟರೇ ಒಬ್ರು ಕೇಳಿದ್ರು, ಇಲ್ಲ ಅಂದೆ, ಇವತ್ತಿಗೂ ಮುನಿಸಿದೆ, ಏನ್ ಮಾಡೋದು, ಒಂದು ಮನೆಗೋಸ್ಕರ ಅಷ್ಟು ದೂರ ಪೆಟ್ರೋಲ್ ಸುಟ್ರೆ ಇಲ್ಲಿನ ನಾಲ್ಕು ಮನೆ ಲಾಭ ಹೊಗೆ ಆಗತ್ತೆ.

ಇನ್ನೊಂದು ಕಣ್ಣಿಗೆ ಕಾಣದ ಖರ್ಚಿದೆ, ಒಬ್ಬೊಬ್ಬರಿಗೆ ಒಂದೊಂದು ಥರ ಮಾಡಿಕೊಡೋದು. ಒಬ್ರಿಗೆ ಸೇವಂತಿಗೆ ಬೇಡ, ಇನ್ನೊಬ್ರಿಗೆ ತುಳಸಿ ಜಾಸ್ತಿ, ಮತ್ತೊಬ್ರಿಗೆ ಕಟ್ಟಿದ ಹೂವೇ ಬೇಕು. ಶುರುವಲ್ಲಿ ಎಲ್ಲಾದಕ್ಕೂ ಹೂಂ ಅಂದು ಬೆಳಗಿನ ಜಾವ ಪ್ಯಾಕಿಂಗ್‌ಗೇ ಎರಡು ತಾಸು ಹಿಡೀತಿತ್ತು, ಹೆಲ್ಪರ್ ಬೇಕಾಗಿತ್ತು. ಈಗ ಎರಡೇ ಪ್ಯಾಕ್, ಶುಕ್ರವಾರ ಮಾತ್ರ ಒಂದು ಮೊಳ ಕಟ್ಟಿದ್ದು. ಬೇಡ ಅನ್ನೋದಿದ್ರೆ ಹಿಂದಿನ ಸಂಜೆ ಆರರೊಳಗೆ ಹೇಳ್ಬೇಕು, ಯಾಕಂದ್ರೆ ಬೆಳಗಿನ ಜಾವ ನಾಲ್ಕು ಗಂಟೆಗೇ ಕೆಆರ್ ಮಾರ್ಕೆಟಲ್ಲಿ ದುಡ್ಡು ಕೊಟ್ಟು ತಂದಾಗಿರತ್ತೆ. ವರಮಹಾಲಕ್ಷ್ಮಿ, ಆಯುಧಪೂಜೆ ಸಬ್‌ಸ್ಕ್ರಿಪ್ಷನ್ನಿಗೆ ಸೇರಲ್ಲ, ಆವತ್ತಿನ ರೇಟಿಗೆ ಬೇರೆ ಆರ್ಡರ್. ಇಲ್ಲಾಂದ್ರೆ ಆಷಾಢದಲ್ಲಿ ಅಗ್ಗಕ್ಕೆ ತಂದು ಉಳಿಸಿದ್ದನ್ನ ಆ ಒಂದು ದಿನವೇ ನುಂಗತ್ತೆ.

ದುಡ್ಡು ಒಂದನೇ ತಾರೀಖಿಗೆ ಮೊದಲೇ, ಕ್ಯೂಆರ್‌ಗೆ ಯುಪಿಐ, ಅದಕ್ಕೆ ಚಾರ್ಜ್ ಇಲ್ಲ. ಪೇಮೆಂಟ್ ಗೇಟ್‌ವೇಯವರು, ಅಂದ್ರೆ ಆನ್‌ಲೈನಲ್ಲಿ ದುಡ್ಡು ವಸೂಲಿ ಮಾಡಿಕೊಡೋ ಕಂಪನಿಯವರು, ನಮಗೆ ಹೇಳಿದ್ದು 2 ಪರ್ಸೆಂಟು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರೆ 600ಕ್ಕೆ 14 ರೂಪಾಯಿ ಚಿಲ್ಲರೆ, 140 ಮನೆದು ಸೇರಿದ್ರೆ ತಿಂಗಳಿಗೆ ಒಂಬತ್ತು ಮನೆ ಲಾಭ ಅವರಿಗೆ. ಆದ್ರೆ ಕೊಂಡಿದ್ದಕ್ಕೆಲ್ಲ ಬಿಲ್ಲೋ ಚೀಟಿಯೋ ಇಟ್ಕೊಳಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಡ್ತಲ್ಲ, ಆಗ ಎಷ್ಟೋ ಜನ ಕ್ಯೂಆರ್ ಬೋರ್ಡೇ ಕಿತ್ತಾಕಿದ್ರು. ಬಿಡಿ ಹೂವಿಗೆ ಜಿಎಸ್‌ಟಿ ಇಲ್ಲ, ನಿಮ್ಮ ಲೇಬಲ್ ಹಾಕಿದ ಪ್ಯಾಕೆಟ್ ಹಿಟ್ಟಿಗೆ 5 ಪರ್ಸೆಂಟ್ ಇದೆ, ಒಬ್ಬ ಆಡಿಟರ್‌ನ ಒಂದ್ಸಲ ಕೇಳ್ಬಿಡಿ.

ನಿಮಗೆ ನಮಗಿಂತ ಒಂದು ಅನುಕೂಲ ಇದೆ, ಹಿಟ್ಟು ಸಂಜೆಗೆ ಬಾಡಲ್ಲ. ದಿನಾ ಓಡಾಡೋದು ಬೇಡ, ಏರಿಯಾಗೊಂದು ತಾರೀಖು ಇಡಿ, ಆ ಏರಿಯಾದ ದುಡ್ಡು ಪೂರ್ತಿ ಬಂದ ಮೇಲೆ ಧಾನ್ಯ ತಂದು ಮಿಲ್ಲಿಗೆ ಹಾಕ್ಸಿ, ಆಗ ಸ್ಟಾಕ್ ಇಡೋಕೆ ಜಾಗನೂ ಬೇಡ. ನಮಗೆ ಆ ಪುಣ್ಯ ಇಲ್ಲ, ಮಳೆ ಬರ್ಲಿ ಚಳಿ ಇರ್ಲಿ ಮೂರೂವರೆಗೆ ಎದ್ದು ಸ್ಕೂಟರ್ ತೆಗೀಲೇಬೇಕು.