ಬೋರ್ಡಿಂಗ್ ಶಾಲೆಯ ನರ್ಸ್‌ಗೆ ಮಾತ್ರೆ ಕೊಡುವುದು ಬಿಟ್ಟು ಬೇರೆ ಏನು ಕೆಲಸ ಇರುತ್ತದೆ?

ಆಸ್ಪತ್ರೆ ವಾರ್ಡ್ ಬಿಟ್ಟು ಬೋರ್ಡಿಂಗ್ ಶಾಲೆಗೆ ಸೇರಬೇಕು ಅಂದುಕೊಂಡಿದ್ದೀರಿ. ಅಲ್ಲಿ ಕೆಲಸವೇ ಇರುವುದಿಲ್ಲ, ಕಲಿತದ್ದೂ ಮರೆತುಹೋಗುತ್ತದೆ ಅಂತ ಯಾರೋ ನಿಮ್ಮನ್ನು ಹೆದರಿಸಿದ್ದಾರೆ. ನಾನೂ ವಾರ್ಡಿನಿಂದಲೇ ಈ ಕಡೆ ಬಂದವಳು. ಕೆಲಸ ಬೇಕಾದಷ್ಟಿದೆ, ಬಗೆ ಬೇರೆ ಅಷ್ಟೆ.

ವಾರ್ಡಿನಲ್ಲಿ ಡಾಕ್ಟರ್ ಕೂಗಿದರೆ ಬರುವಷ್ಟು ಹತ್ತಿರ ಇರುತ್ತಾರೆ. ಇಲ್ಲಿ ನಡುರಾತ್ರಿ ಮಗು ಹೊಟ್ಟೆ ಹಿಡಿದುಕೊಂಡು ಬಂದರೆ ಮೊದಲು ನೋಡುವವರು ನೀವೇ. ಸಂಜೆ ಮಕ್ಕಳು ಮನೆಗೆ ಹೋಗುವ ಶಾಲೆಯಾದರೆ ಅಪ್ಪ ಅಮ್ಮನಿಗೆ ಫೋನ್ ಮಾಡಿ ಕಳಿಸಿಬಿಡಬಹುದು. ಇಲ್ಲಿ ಆ ದಾರಿ ಇಲ್ಲ. ಇಲ್ಲೇ ಮಲಗಿಸಿ ನೋಡುವುದಾ, ಈಗಲೇ ಆಸ್ಪತ್ರೆಗೆ ಕರೆದೊಯ್ಯುವುದಾ ಅನ್ನುವ ತೀರ್ಮಾನವೇ ಅರ್ಧ ಕೆಲಸ.

ಹೊಟ್ಟೆನೋವನ್ನೇ ತೆಗೆದುಕೊಳ್ಳಿ. ಪರೀಕ್ಷೆ ದಿನದ್ದು, ಮನೆಯವರು ಬಂದು ಹೋದ ರಾತ್ರಿಯದ್ದು, ನಿಜಕ್ಕೂ ಅಪೆಂಡಿಕ್ಸ್ ಊದಿಕೊಂಡದ್ದು, ಮೂರೂ ಶುರುವಿಗೆ ಹೊಕ್ಕುಳ ಸುತ್ತಲೇ ಇರಬಹುದು. ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಕೆಳಗೆ ಬಲಗಡೆಗೆ ಜರುಗುತ್ತದೆ. ಊಟ ಬೇಡವಾಗುತ್ತದೆ, ನಡೆದರೆ, ಕೆಮ್ಮಿದರೆ ನೋವು ಜಾಸ್ತಿಯಾಗುತ್ತದೆ. ಆದರೆ ಎಲ್ಲ ಮಕ್ಕಳಲ್ಲೂ ಪುಸ್ತಕದಲ್ಲಿದ್ದ ಹಾಗೆ ಬರುವುದಿಲ್ಲ. ಅದಕ್ಕೇ ನಾನು ಒಂದು ಸಲ ನೋಡಿ ಸುಮ್ನೆ ಕಳಿಸುವುದಿಲ್ಲ. ಸಿಕ್ ರೂಮಿನಲ್ಲಿ ಮಲಗಿಸಿ ಆಗಾಗ ಹೋಗಿ ಹೊಟ್ಟೆ ಮುಟ್ಟಿ ನೋಡುತ್ತೇನೆ.

"ನಾಟಕ ಮಾಡ್ತಿದ್ದಾನೆ, ಬಿಡಿ ಸಿಸ್ಟರ್" ಅಂತ ವಾರ್ಡನ್ ಹೇಳುವುದುಂಟು. ಮನೆ ನೆನಪಾಗಿ ಬರುವ ಹೊಟ್ಟೆನೋವೂ ನೋವೇ ಅಲ್ವಾ? ಅದಕ್ಕೆ ಮಾತ್ರೆ ಬೇಡ. ಸ್ವಲ್ಪ ಹೊತ್ತು ಕೂರಿಸಿಕೊಂಡು ಮಾತಾಡಿಸಿ. ಆಮೇಲೆ ರಿಜಿಸ್ಟರ್ ತಿರುವಿ ಹಾಕಿ. ಪ್ರತಿ ಸಲ ಆಟದ ಪಿರಿಯಡ್‌ಗೇ ಬರುತ್ತಿದ್ದಾನಾ? ದೀಪ ಆರಿಸುವ ಹೊತ್ತಿಗೇ ಬರುತ್ತಿದ್ದಾಳಾ? ಯಾರೋ ಕಾಡಿಸುತ್ತಿರುವುದು ಎಷ್ಟೋ ಸಲ ಹೀಗೇ ಹೊರಗೆ ಬರುತ್ತದೆ.

ಔಷಧಿಯ ವಿಷಯದಲ್ಲಿ ಬಿಗಿಯಾಗಿರಿ. ಮನೆಯಿಂದ ಬಂದ ಮಾತ್ರೆಗಳೆಲ್ಲ ನಿಮ್ಮ ಬೀಗದ ಕಪಾಟಿಗೆ ಬರಲಿ. ಮಕ್ಕಳಿಗೆ ಪ್ಯಾರಾಸಿಟಮಾಲ್ ಲೆಕ್ಕ ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಕನಿಷ್ಠ 4 ಗಂಟೆ ಬಿಟ್ಟು, ದಿನಕ್ಕೆ 4 ಸಲಕ್ಕಿಂತ ಹೆಚ್ಚಿಲ್ಲ. ನೀವು ಕೊಟ್ಟದ್ದು ಗೊತ್ತಿಲ್ಲದೆ ವಾರ್ಡನ್ ಮತ್ತೆ ಕೊಟ್ಟರೆ ಕಷ್ಟ. ಆದ್ದರಿಂದ ಯಾರೇ ಕೊಡಲಿ, ಸಮಯ ಬರೆದು ಸಹಿ ಹಾಕಲೇಬೇಕು. ಜ್ವರದ ಮಗುವಿಗೆ ಆಸ್ಪಿರಿನ್ ಕೊಡುವಂತಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಅದನ್ನು ವಾರ್ಡನ್‌ಗಳಿಗೂ ಹೇಳಿಡಿ. ಬೀಗದೊಳಗೆ ಇರಬಾರದವೂ ಇವೆ. ಆಸ್ತಮಾದ ಇನ್‌ಹೇಲರ್, ಅಲರ್ಜಿ ವಿಪರೀತವಾದಾಗ ತಕ್ಷಣ ಚುಚ್ಚುವ ಅಡ್ರಿನಲಿನ್ ಪೆನ್ ಮಗುವಿನ ಹತ್ತಿರವೇ ಇರಬೇಕು. ಉಸಿರು ಕಟ್ಟುತ್ತಿರುವಾಗ ಬೀಗದ ಕೈ ಹುಡುಕುತ್ತಾ ಕೂರಲಾಗುತ್ತದೆಯೇ?

ಅಂಟುರೋಗ ಬಂದರೆ ಕೋಣೆ ಕೋಣೆಯೇ ಮಲಗುತ್ತದೆ. ವಾಂತಿ ಭೇದಿ ನಿಂತ ಮೇಲೂ 48 ಗಂಟೆ ಮಗುವನ್ನು ಬೇರೆ ಇಡಿ. ಕೈಗೆ ಸೋಪು ನೀರೇ ಬೇಕು. ವಾಂತಿ ಭೇದಿ ತರುವ ನೊರೋವೈರಸ್ ಆಗಿದ್ದರೆ ಸ್ಯಾನಿಟೈಸರ್ ನಂಬುವಂತಿಲ್ಲ. ಚಿಕನ್‌ಪಾಕ್ಸ್ ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆ ಕಟ್ಟುವ ತನಕ ಹರಡುತ್ತದೆ. ಜೊತೆಯವರಿಗೆ ಅದು 10ರಿಂದ 21 ದಿನದೊಳಗೆ ಕಾಣಿಸಿಕೊಳ್ಳಬಹುದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕಜ್ಜಿಗೆ ಇಡೀ ಕೋಣೆಗೆ ಒಂದೇ ದಿನ ಮುಲಾಮು ಹಚ್ಚಿಸಬೇಕು. ಹೇನು ಬಿಡಿ, ಬಾಚಣಿಗೆ ಮತ್ತು ತಾಳ್ಮೆ ಇದ್ದರೆ ಸಾಕು.

ಇನ್ನು ದೊಡ್ಡ ಮಕ್ಕಳು. "ಯಾರಿಗೂ ಹೇಳಲ್ಲ ತಾನೆ?" ಅಂತ ಕೇಳಿಯೇ ಮಾತು ಶುರು ಮಾಡುತ್ತಾರೆ. ಹೂಂ ಅನ್ನಬೇಡಿ. ನಿನ್ನ ಜೀವಕ್ಕೆ, ಇನ್ನೊಬ್ಬರ ಜೀವಕ್ಕೆ ತೊಂದರೆ ಇದ್ದರೆ ಹೇಳಬೇಕಾದವರಿಗೆ ಹೇಳುತ್ತೇನೆ, ಉಳಿದದ್ದು ನನ್ನಲ್ಲೇ ಇರುತ್ತದೆ ಅಂತ ಮೊದಲೇ ಹೇಳಿ. ಆಶ್ಚರ್ಯ ಅಂದರೆ, ಹಾಗೆ ಹೇಳಿದ ಮೇಲೂ ಬಹಳ ಮಕ್ಕಳು ಹೇಳಿಕೊಳ್ಳುತ್ತಾರೆ.

ಸೇರುವ ಮುಂಚೆ ಸಂಬಳದ ಜೊತೆ ಇದನ್ನೂ ಕೇಳಿ: ರಾತ್ರಿ ನಿಮ್ಮ ಬದಲಿಗೆ ಯಾರಿರುತ್ತಾರೆ, ವಾಹನ ಮತ್ತು ಡ್ರೈವರ್ ಇರುತ್ತಾರಾ, ಫೋನಿಗೆ ಸಿಗುವ ಡಾಕ್ಟರ್ ಯಾರು, ತುರ್ತು ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬರೆಸಿಕೊಂಡಿದ್ದಾರಾ, ಸಿಕ್ ರೂಮಿಗೆ ಬೇರೆ ಶೌಚಾಲಯ ಇದೆಯಾ. "ಅದೆಲ್ಲ ಆಮೇಲೆ ನೋಡೋಣ" ಅಂದರೆ ನಾನಾದರೆ ಸೇರುವುದಿಲ್ಲ.